ಚೇರಂಬಾಣೆಯ ಎರಡು ಗುಂಡು

ಮೈಸೂರು
೯-೧೨-೧೯೫೬

ಚಿ. ನೀಲಾವತಿಗೆ ಪುಟ್ಟರಾಜು ಮೇಷ್ಟರ ಆಶೀರ್ವಾದಗಳು.

ನೀನು ಬಸ್ಸು ಹತ್ತಿ ಹೋದ ಮೇಲೆ ನೆನಪಾಯಿತು, ರಜೆಯ ಉಪದೇಶ ಕೇಳಿಸದೆಯೇ ನಿನ್ನನ್ನು ಬಿಟ್ಟುಬಿಟ್ಟೆ ಎಂದು. ಪ್ರಚಾರ ತರಗತಿಯ ಉಳಿದವರ ತಲೆಯನ್ನೆಲ್ಲ ಕೊನೆಯ ದಿನ ಚೆನ್ನಾಗಿ ತಿಂದಿದ್ದೇನೆ. ನೀನೊಬ್ಬಳು ತಲೆನೋವಿನ ನೆಪ ಹೇಳಿ ಪಾರಾದೆ. ಹಾಗೆ ಬಿಡುವ ಆಸಾಮಿ ನಾನಲ್ಲ. ಅಂಚೆಯಲ್ಲಾದರೂ ಕೊರೆಯುತ್ತೇನೆ, ಓದು.

ಕಂಬಳಿ ಹೊದ್ದು ಮಲಗಬೇಡ. ಸಾರ್ವಜನಿಕ ಸಂಪರ್ಕ ಕಲಿಯುವವರಿಗೆ ರಜೆ ಎಂದರೆ ಜನ ಮನೆಯಲ್ಲಿ ಸಿಗುವ ಕಾಲ. ಹೋಗು, ಜಗಲಿಯಲ್ಲಿ ಕೂತುಕೋ, ಅವರ ಮಾತು ಕೇಳು, ನಿನ್ನ ಬಾಯಿಗೆ ಸ್ವಲ್ಪ ಬೀಗ ಹಾಕು. ವರ್ಷವಿಡೀ ಮರೆತವರಿಗೆ ಒಂದೊಂದು ಶುಭಾಶಯ ಬರೆ. ಕೆಲಸ ಕೇಳುವ ಮುಂಚೆಯೇ ಬರೆ, ಆಮೇಲೆ ಬರೆದರೆ ಅದು ಅರ್ಜಿಯಾಗುತ್ತದೆ. ಶುಭಾಶಯವಾಗಲಿ, ಸಾವಿನ ಸುದ್ದಿಯಾಗಲಿ, ಮೂರು ಸಾಲು ದಾಟಬೇಡ. ಯಾರು, ಏನು, ಎಲ್ಲಿ, ಯಾವಾಗ, ಅಷ್ಟೇ. ಅಳು, ನಗು, ವರ್ಣನೆ ಬೇಡ.

ಇನ್ನೊಂದು ಕೆಲಸ. ಹೊಸ ರಾಜ್ಯ ಹುಟ್ಟಿ ತಿಂಗಳಾಯಿತು. ನಿಮ್ಮ ಕೊಡಗು ಈಗ ನಮ್ಮದೇ ಒಂದು ಜಿಲ್ಲೆ, ಆದರೆ ಇಲ್ಲಿಯವರಿಗೆ ನಿಮ್ಮ ಸುಗ್ಗಿಯ ಹಬ್ಬ ಹುತ್ತರಿ ಎಂದರೇನು ಎಂದೇ ಗೊತ್ತಿಲ್ಲ. ನನಗೆ ಗುರುತಿನ ಸಂಪಾದಕರೊಬ್ಬರು ಒಂದು ಚಿತ್ರ ಕೇಳುತ್ತಿದ್ದಾರೆ. ನನ್ನ ಡಬ್ಬಿ ಕ್ಯಾಮೆರಾ ನಿನ್ನ ಕೈಲಿದೆಯಲ್ಲ, ನಿಮ್ಮಜ್ಜ ಕದಿರು ಕೊಯ್ದು ಕೋವಿ ಹಾರಿಸುವುದನ್ನು ಹಿಡಿ. ಹೊಗೆ ಕಾಣಬೇಕು. ಮೊದಲ ಸಲ ತಪ್ಪಿದರೆ ನಾಚಿಕೊಳ್ಳದೆ ಇನ್ನೊಮ್ಮೆ ಮಾಡಿಸು. ಚಿತ್ರ ತೆಗೆಯುವವರಿಗೆ ಸಂಕೋಚ ಇರಬಾರದು.

ನಮ್ಮ ಮನೆಯಾಕೆ ರಾಮಮ್ಮ ಎಂದಿನಂತೆ ತವರಿನಲ್ಲಿದ್ದಾಳೆ. ನಾನು ಮಾಡಿದ ಸಾರನ್ನು ನಾನೇ ಉಣ್ಣುವ ಶಿಕ್ಷೆ ನಡೆದಿದೆ.

ಇತಿ,
ಪುಟ್ಟರಾಜು


ಚೇರಂಬಾಣೆ
೧೨-೧೨-೧೯೫೬

ಪೂಜ್ಯ ಗುರುಗಳಿಗೆ ನೀಲಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ನಾನು ಕಂಬಳಿಯೊಳಗೇ ಇದ್ದೆ. ಇಲ್ಲಿಯ ಚಳಿ ನಿಮಗೆ ಗೊತ್ತಿಲ್ಲ ಗುರುಗಳೇ, ಮೈಸೂರಿನಲ್ಲಿ ಕೂತು ಉಪದೇಶ ಮಾಡುವುದು ಸುಲಭ.

ನಿಮ್ಮ ಕಾಗದವನ್ನು ಅಜ್ಜನಿಗೆ ಓದಿ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿ ಓದಿಸಿದವರು ಅವರೇ, ಈ ಬೆಳ್ಯಪ್ಪಜ್ಜ. ಆದರೂ ನಾನು ಕಲಿಯುತ್ತಿರುವುದು ಏನೆಂದು ಅವರಿಗೆ ಇನ್ನೂ ಅರ್ಥವಾಗಿಲ್ಲ. "ಊರಿಗೆ ಸುದ್ದಿ ಹೇಳುಕೆ ಕಾಲೇಜ್ ಬೇಕಾ? ನಮ್ಮ ಕೋವಿ ಸಾಕಲ್ಲಾ" ಎಂದು ನಕ್ಕರು. ಅದೂ ನಿಜವೇ. ಇಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಒಂದರ ಬೆನ್ನಿಗೆ ಇನ್ನೊಂದು ಹಾರಿದರೆ ಸಾವು. ಕೇಳಿದ ಮನೆಯಿಂದೆಲ್ಲ ಒಬ್ಬೊಬ್ಬರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು. ಯಾರು, ಏನು ಎಂದು ಬಂದ ಮೇಲೆಯೇ ಕೇಳುವುದು. ಹುತ್ತರಿಗೂ ಕದಿರು ಕೊಯ್ಯುವಾಗ ಒಂದೇ ಗುಂಡು.

ತೊಂದರೆ ಏನೆಂದರೆ ಕದಿರು ಕೊಯ್ಯುವುದು ಬೆಳದಿಂಗಳಲ್ಲಿ. ನಿಮ್ಮ ಡಬ್ಬಿಗೆ ಕತ್ತಲೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಮಾರನೆಯ ಬೆಳಿಗ್ಗೆ ಗದ್ದೆಯಲ್ಲಿ ಅಜ್ಜನನ್ನು ನಿಲ್ಲಿಸಿ ಅದನ್ನೇ ಮಾಡಿಸಬೇಕು.

ಇನ್ನೊಂದು ವಿಷಯ. ವಾಪಸ್ಸು ಬರುವಾಗ ಕುಶಾಲನಗರದಲ್ಲಿ ಇಳಿದು ರಾಮಮ್ಮನವರನ್ನು ನೋಡಿ ಬರುತ್ತೇನೆ. ತರಗತಿ ಶುರುವಾದಾಗಿನಿಂದ ಅವರು ಆ ಕಡೆಯ ತವರಿನಲ್ಲೇ ಇದ್ದಾರೆ. ನಮ್ಮ ಮೇಷ್ಟರ ಸಾರಿಗೆ ಹೆದರಿ ಓಡಿಹೋಗಿದ್ದಾರೆ ಎಂದು ಹುಡುಗರು ಆಡಿಕೊಳ್ಳುತ್ತಾರೆ. ಒಂದು ಚೀಲ ಕಿತ್ತಳೆ ಕೊಟ್ಟು, ಮುಖ ನೋಡಿ ಬರುತ್ತೇನೆ. ಊರಿನ ಹೆಸರು ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ನೀಲಾವತಿ


ಮೈಸೂರು
೧೪-೧೨-೧೯೫೬

ಚಿ. ನೀಲಾವತಿಗೆ ಆಶೀರ್ವಾದ.

ಬೆಳಿಗ್ಗೆ ಮಾಡಿಸುವುದೇ ಸರಿ. ಸೂರ್ಯ ನಿನ್ನ ಬೆನ್ನಿಗಿರಲಿ. ಅಜ್ಜನಿಗೆ ಹಬ್ಬದ ಉಡುಪು ಹಾಕಿಸು.

ಕುಶಾಲನಗರದಲ್ಲಿ ಇಳಿಯುವ ತೊಂದರೆ ಬೇಡ. ರಾಮಮ್ಮ ಅಲ್ಲಿ ಒಂದೇ ಕಡೆ ಇರುವವಳಲ್ಲ, ನೆಂಟರ ಮನೆ ಸುತ್ತುತ್ತಿರುತ್ತಾಳೆ. ನಮ್ಮ ಅತ್ತೆ ಸಿದ್ದಮ್ಮನವರಿಗೆ ಕಣ್ಣು ಕಾಣುವುದಿಲ್ಲ, ಹೊಸಬರು ಬಂದರೆ ಗಾಬರಿಯಾಗುತ್ತಾರೆ. ಕಿತ್ತಳೆ ನನಗೇ ತಂದುಕೊಡು.

ಚಿತ್ರ ಮರೆಯಬೇಡ.

ಪುಟ್ಟರಾಜು


ಚೇರಂಬಾಣೆ
೧೮-೧೨-೧೯೫೬

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಚಿತ್ರ ಚೆನ್ನಾಗಿ ಬಂದಿರಬೇಕು. ಆದರೆ ಒಂದು ಎಡವಟ್ಟಾಗಿದೆ.

ಹಬ್ಬ ಸಂಭ್ರಮದಿಂದ ಮುಗಿಯಿತು. "ಪೊಲಿ ಪೊಲಿ ದೇವಾ", ಬೆಳೆ ಹೆಚ್ಚಲಿ ದೇವರೇ, ಎಂದು ಕೂಗಿ ಕದಿರು ತಂದೆವು, ಹೊಸ ಅಕ್ಕಿಯ ಪಾಯಸ ಉಂಡೆವು. ನಿನ್ನೆ ಬೆಳಿಗ್ಗೆ ಮಂಜು ಕರಗಿದ ಮೇಲೆ ಅಜ್ಜನನ್ನು ಗದ್ದೆಗೆ ಕರೆದುಕೊಂಡು ಹೋದೆ. ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು, ಮದುಮಗನ ಹಾಗೆ ನಿಂತಿದ್ದರು. ಅವರದು ಎರಡು ನಳಿಗೆಯ ಕೋವಿ. ನೀವು ಹೊಗೆ ಬೇಕೆಂದಿದ್ದಿರಲ್ಲ, ಅದಕ್ಕೆ ಮನೆಯಲ್ಲೇ ಮದ್ದು ತುಂಬಿದ ತೋಟಾ ಎರಡಕ್ಕೂ ಹಾಕಿದ್ದರು.

ಮೊದಲನೆಯದು ಹಾರಿದಾಗ ನಾನು ಬೆಚ್ಚಿಬಿದ್ದೆ. ಕ್ಯಾಮೆರಾ ಅಲ್ಲಾಡಿತು. "ಅಜ್ಜಾ, ಇನ್ನೊಂದ್!" ಎಂದು ಕೂಗಿದೆ. ಅವರು ಇನ್ನೊಂದು ಹಾರಿಸಿದರು. ಆಗ ಚಿತ್ರ ಸಿಕ್ಕಿತು.

ನಾವು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಪಕ್ಕದ ತೋಟದ ಪೂವಯ್ಯ ಮಾವ ಅಂಗಳದಲ್ಲಿದ್ದರು. ಕಾಫಿ ಕೊಯ್ಯುತ್ತಿದ್ದವರು ಹಾಗೇ ಓಡಿಬಂದಿದ್ದಾರೆ, ಸೊಂಟದಲ್ಲಿ ಬುಟ್ಟಿ ಇನ್ನೂ ನೇತಾಡುತ್ತಿತ್ತು.

"ಹೊನ್ನಮ್ಮಕ್ಕಾ, ಯಾರ್?" ಎಂದು ನಮ್ಮವ್ವನನ್ನು ಕೇಳಿದರು.

ಅವ್ವನಿಗೆ ಏನೂ ಗೊತ್ತಿಲ್ಲ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಕೆಳಗಿನ ಮನೆಯವರು ಬಂದರು, ಹೊಳೆಯಾಚೆಯವರು ಬಂದರು. ಅಂಗಳ ತುಂಬಿತು. ಯಾರೂ ಕೂರಲಿಲ್ಲ. ಎಲ್ಲರೂ ಅಜ್ಜನ ಮುಖ ನೋಡುತ್ತಿದ್ದರು.

"ಯಾರೂ ಇಲ್ಲೆ. ಮಗುಗೆ ಪೋಟ ಬೇಕಿತ್ತ್," ಎಂದರು ಅಜ್ಜ.

ಒಬ್ಬರಾದರೂ ನಗುತ್ತಾರೆಂದು ಕಾದೆ. ಪೂವಯ್ಯ ಮಾವ ಬುಟ್ಟಿಯ ಹಗ್ಗ ಬಿಚ್ಚುತ್ತ, "ಕರ್ದಾಗುಟ್ಟು ಮಾವಾ. ಈಗ ಇಲ್ಲೆ ಹೇಳಿರೆ ಹೆಂಗೆ?" ಎಂದರು. ಗುಂಡು ಹಾರಿಸಿ ಕರೆದಾಗಿದೆ, ಇನ್ನು ಸಾವಿಲ್ಲ ಎನ್ನುವಂತಿಲ್ಲವಂತೆ. ಅವ್ವ ಕಾಫಿ ಕೊಡಲು ಹೋದಳು. ಸಾವಿನ ಮನೆಯಲ್ಲಿ ಕುಡಿಯುವಂತಿಲ್ಲ ಎಂದೋ ಏನೋ, ಒಬ್ಬರೂ ಲೋಟ ಮುಟ್ಟದೆ ಹೊರಟುಹೋದರು.

ಇದು ಹೆಚ್ಚೇನಲ್ಲ ಅಲ್ಲವೇ? ಊರ ಬಾಯಿಗೆ ಏನು ಹೇಳಬೇಕು, ತಿಳಿಸಿ.

ನೀಲಾವತಿ


ಮೈಸೂರು
೨೦-೧೨-೧೯೫೬

ಚಿ. ನೀಲಾವತಿಗೆ ಆಶೀರ್ವಾದ.

ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕೊಡಲಾರೆ. ತಪ್ಪು ಸುದ್ದಿ ಹೊರಬಿದ್ದಿದೆ, ಈಗೇನು ಮಾಡುವೆ?

ಸುಮ್ಮನೆ ಕೂರಬೇಡ. ನೀನು ಬಾಯಿ ಮುಚ್ಚಿದರೆ ಊರು ಬಾಯಿ ತೆರೆಯುತ್ತದೆ. ಸದ್ದು ಕೇಳಿದ ಮನೆಗಳಿಗೆಲ್ಲ ನೀನೇ ಖುದ್ದಾಗಿ ಹೋಗು. ಯಾರೂ ಸತ್ತಿಲ್ಲ, ತಪ್ಪು ನನ್ನದು ಎಂದು ಹೇಳು. ಸಾಧ್ಯವಾದರೆ ಅಜ್ಜನನ್ನೂ ಕರೆದುಕೊಂಡು ಹೋಗು. ಬದುಕಿರುವ ಮನುಷ್ಯನಿಗಿಂತ ದೊಡ್ಡ ಸ್ಪಷ್ಟೀಕರಣ ಉಂಟೇ? ವಾರದೊಳಗೆ ಎಲ್ಲರೂ ಮರೆಯುತ್ತಾರೆ. ನನ್ನ ಅನುಭವದಲ್ಲಿ ಜನ ಏನನ್ನಾದರೂ ನಂಬುತ್ತಾರೆ, ಸಮಾಧಾನದ ದನಿಯಲ್ಲಿ ಹೇಳಿದರೆ ಆಯಿತು.

ಪುಟ್ಟರಾಜು


ಚೇರಂಬಾಣೆ
೨೪-೧೨-೧೯೫೬

ಪೂಜ್ಯ ಗುರುಗಳಿಗೆ,

ನೀವು ಹೇಳಿದಂತೆ ಮಾಡಿದೆ. ಏನೂ ಉಪಯೋಗವಾಗಲಿಲ್ಲ.

ಮನೆಮನೆಗೆ ಹೋದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು, ಬೆಲ್ಲದ ಕಾಫಿ ಕೊಟ್ಟರು, ಮತ್ತೆ ಮೆಲ್ಲಗೆ, "ಅಜ್ಜ ಹೆಂಗೆ ಒಳೊ?" ಎಂದರು. ಅಜ್ಜನನ್ನು ಬೆಳಿಗ್ಗೆಯಷ್ಟೇ ನೋಡಿದವರೂ ಕೇಳಿದರು. ಹೊಳೆಯಾಚೆಯ ಮುದುಕಿ ಪೂವಮ್ಮ ನನ್ನ ಕೈಹಿಡಿದು, ಗುಂಡು ಹಾರಿದ ಮೇಲೆ ಯಾರದ್ದಾದರೂ ಆಗಬೇಕಲ್ಲ ಮಗಾ ಎಂದು ಅತ್ತರು.

ಇನ್ನೊಂದನ್ನು ನಾನು ಬರೆದಿರಲಿಲ್ಲ. ಅಂದಿನಿಂದ ಅಜ್ಜ ಅನ್ನ ಮುಟ್ಟಿಲ್ಲ. ಬಾಳೆಹಣ್ಣು, ಬೆಲ್ಲದ ಕಾಫಿ, ಅಷ್ಟೇ. ಬೇರೆ ಯಾರಿಗೂ ಬೇಡ ಎನ್ನುವುದಿಲ್ಲ, ನಮ್ಮನ್ನು ಕೂರಿಸಿ ಉಣಿಸುತ್ತಾರೆ. ನಾನು ತಟ್ಟೆ ಹಿಡಿದು ಬೇಡಿಕೊಂಡರೆ, "ಸಾವ್ ಸಾರಿದ್ ನಾ. ಹೆಣ ಎತ್ತದೆ ನಾ ಹೆಂಗೆ ಉಣ್ಣುದ್ ಮಗಾ?" ಎನ್ನುತ್ತಾರೆ. ಕೋಪವಿಲ್ಲ, ಬೇಸರವಿಲ್ಲ. ಲೆಕ್ಕ ತಪ್ಪಿದವರ ಹಾಗೆ ಯೋಚಿಸುತ್ತ ಕೂರುತ್ತಾರೆ. ಹೊಸ ಅಕ್ಕಿ ಬಂದ ಮನೆಯಲ್ಲಿ ಹಿರಿಯರು ಉಪವಾಸ.

ಈಗ ಬುದ್ಧಿಯೂ ಸ್ವಲ್ಪ ಕೆಡುತ್ತಿದೆಯೋ ಎಂದು ಭಯ. ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ಕೂರುತ್ತಾಳಂತೆ. ನಮ್ಮವಳಲ್ಲ, ನಮ್ಮ ಹಾಗೆ ಸೀರೆ ಉಟ್ಟಿಲ್ಲ, ಮಾತು ಕುಶಾಲನಗರದ ಕಡೆಯದು ಎನ್ನುತ್ತಾರೆ. ಮೊದಲ ದಿನ, "ಸದ್ದು ಕೇಳ್ತು, ಅದ್ಕೆ ಬಂದೆ. ಇದು ಯಾರ ಮನೆ?" ಎಂದು ಕೇಳಿದಳಂತೆ. ಅಜ್ಜ ವೀಳ್ಯದೆಲೆ ಕೊಟ್ಟರೆ ಸುಣ್ಣವನ್ನು ಬೆರಳಿನಿಂದ ತೆಗೆದು ಕಂಬಕ್ಕೆ ಒರೆಸಿ, ಬಾಯಿ ಸುಡುತ್ತದೆ ಎಂದಳಂತೆ. ನೀನು ಯಾರ ಪೈಕಿ ಎಂದರೆ ಹೇಳುವುದಿಲ್ಲ. "ಗಂಡನ ಮನೆಗೆ ಹೋದ್ರೆ ತವರಲ್ಲವ್ಳೆ ಅಂತಾರೆ. ತವರಿಗೆ ಹೋದ್ರೆ ಗಂಡನ ಮನೇಲವ್ಳೆ ಅಂತಾರೆ. ನಾನು ಎಲ್ಲಿಗೆ ಹೋಗ್ಲಿ?" ಎಂದು ಅಳುತ್ತಾಳಂತೆ.

ನಾನು ಅಜ್ಜನ ಪಕ್ಕದಲ್ಲೇ ಕೂತು ನೋಡಿದೆ. ಮೆಟ್ಟಿಲು ಖಾಲಿ. ಅಜ್ಜ ಮಾತ್ರ ಅತ್ತ ತಿರುಗಿ ತಲೆಯಾಡಿಸುತ್ತಿದ್ದರು. ಬೆಳಿಗ್ಗೆ ಕಂಬದ ಮೇಲೆ ಸುಣ್ಣದ ಗುರುತಿತ್ತು. ಅಜ್ಜನೇ ಒರೆಸಿರಬೇಕು, ಅವರಿಗೇ ನೆನಪಿಲ್ಲ.

ಬೇಗ ಬರೆಯಿರಿ ಗುರುಗಳೇ. ಮಡಿಕೇರಿಯಿಂದ ಡಾಕ್ಟರನ್ನು ಕರೆಸಲೇ?

ನೀಲಾವತಿ


ಚೇರಂಬಾಣೆ
೨೯-೧೨-೧೯೫೬

ಗುರುಗಳೇ,

ದಿನಾ ಟಪಾಲಿನವನ ದಾರಿ ಕಾಯುತ್ತಿದ್ದೇನೆ. ನಿಮ್ಮಿಂದ ಒಂದು ಸಾಲೂ ಇಲ್ಲ. ನಗುವ ವಿಷಯವಿದ್ದಾಗ ಮರುದಿನವೇ ಬರೆದಿರಿ.

ಅಜ್ಜ ಹಾಸಿಗೆ ಹಿಡಿದಿದ್ದಾರೆ. ಡಾಕ್ಟರು ಬಂದು, ಕಾಯಿಲೆ ಇಲ್ಲ, ಊಟ ಹಾಕಿ ಎಂದು ಹೇಳಿ ಹೋದರು. ಜಗಲಿಯಲ್ಲೇ ಮಲಗಿಸಿ ಎನ್ನುತ್ತಾರೆ, ಆಕೆ ಬಂದರೆ ಕಾಣಬೇಕಂತೆ.

ನಾನು ಸುಳ್ಳು ಬರೆದಿದ್ದೆ. ಎರಡನೆಯ ಗುಂಡಿಗೆ ಅಜ್ಜ ಒಪ್ಪಿರಲಿಲ್ಲ. "ಬೇಡ ಮಗಾ, ಎರಡ್ ಆಕ್," ಎರಡಾದರೆ ಸಾವಾಗುತ್ತದೆ ಎಂದು ಕೋವಿ ಇಳಿಸಿದ್ದರು. ಚಿತ್ರ ಇಲ್ಲದೆ ಮೇಷ್ಟರಿಗೆ ಮುಖ ತೋರಿಸುವುದು ಹೇಗೆ ಎಂದು ನಾನು ಅತ್ತುಬಿಟ್ಟೆ. ನಾನು ಅತ್ತರೆ ಅವರು ಯಾವತ್ತೂ ಇಲ್ಲ ಎಂದವರಲ್ಲ. ಅಜ್ಜನಿಗೆ ಏನಾದರೂ ಆದರೆ ನಾನು ತರಗತಿಗೆ ಮರಳುವುದಿಲ್ಲ. ನಿಮ್ಮ ಕ್ಯಾಮೆರಾ ಅಂಚೆಯಲ್ಲಿ ಕಳಿಸುತ್ತೇನೆ.

ನೀಲಾವತಿ


ಮೈಸೂರು
೩೦-೧೨-೧೯೫೬

ನೀಲಾ,

ನಿನ್ನ ಇಪ್ಪತ್ನಾಲ್ಕನೆಯ ತಾರೀಖಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದೆ. ಬರೆಯಲು ಕೂತರೆ ಕೈ ಬರಲಿಲ್ಲ.

ನಿಮ್ಮಜ್ಜನ ಬುದ್ಧಿ ಕೆಟ್ಟಿಲ್ಲ. ಸುಣ್ಣವಿಲ್ಲದೆ ಎಲೆ ಹಾಕಿಕೊಳ್ಳುವವಳು ರಾಮಮ್ಮ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯ ಕಂಬಗಳೆಲ್ಲ ಬೆಳ್ಳಗಾಗಿ ನಮ್ಮಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಈ ಮಾತನ್ನು ನಾನು ಯಾವ ತರಗತಿಯಲ್ಲೂ ಹೇಳಿಲ್ಲ.

ಅವಳು ತವರಿನಲ್ಲಿಲ್ಲ. ಕಳೆದ ಮೇ ತಿಂಗಳಲ್ಲಿ ದೂರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಎದೆಯ ಕಾಯಿಲೆ. ಮಕ್ಕಳಿಲ್ಲ, ಜೊತೆಗೆ ನಾನೊಬ್ಬನೇ. ಅಲ್ಲೇ ಸುಟ್ಟು ರೈಲು ಹತ್ತಿದೆ. ಮನೆಯ ಗೇಟು ತೆಗೆಯುವಾಗ ಎದುರು ಮನೆಯ ಜವರಯ್ಯ, "ಅಮ್ಮಾವ್ರು ಬರ್ಲಿಲ್ವಾ?" ಎಂದ. ತವರಿಗೆ ಹೋಗಿದ್ದಾಳೆ ಎಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ತುಂಬ ದಣಿದಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಾರನೆಯ ದಿನ ಬೀದಿಗೆಲ್ಲ ಅದೇ ಸುದ್ದಿಯಾಗಿತ್ತು, ನನಗೂ ಅದು ಹಿತವಾಗಿತ್ತು.

ಅತ್ತೆಗೆ ಹೇಳುವ ಧೈರ್ಯವಂತೂ ಬರಲೇ ಇಲ್ಲ. ನಿಮ್ಮ ಮಗಳು ಮೈಸೂರಿನಲ್ಲಿ ಸುಖವಾಗಿದ್ದಾಳೆ ಎಂದು ಬರೆದೆ. ಆಮೇಲೆ ತಿಂಗಳಿಗೊಂದು ಕಾಗದವನ್ನು ಅವಳ ಹೆಸರಿನಲ್ಲೇ ಬರೆಯುತ್ತ ಬಂದೆ. ಅಲ್ಲಿ ಯಾರೋ ಓದಿ ಹೇಳುತ್ತಾರೆ. ಎಷ್ಟು ಚೆನ್ನಾಗಿ ಬರೆಯುತ್ತಿದ್ದೆ ಎಂದರೆ, ಎಷ್ಟೋ ಸಲ ಅವಳು ಒಳಗೆ ಎಲ್ಲೋ ಇದ್ದಾಳೆ ಅನಿಸುತ್ತಿತ್ತು. ಮೈಸೂರಿನವರಿಗೆ ತವರಲ್ಲಿದ್ದಾಳೆ, ತವರಿನವರಿಗೆ ಮೈಸೂರಿನಲ್ಲಿದ್ದಾಳೆ. ಅವಳು ನಿಮ್ಮಜ್ಜನಿಗೆ ಹೇಳಿದ್ದು ಇದನ್ನೇ. ನಾನು ಅವಳನ್ನು ಎಲ್ಲೂ ಇರಗೊಡಲಿಲ್ಲ, ನೀಲಾ. ಒಬ್ಬರೂ ಅವಳಿಗಾಗಿ ಕೆಲಸ ಬಿಟ್ಟು ಎದ್ದು ಬರಲಿಲ್ಲ.

ಅಜ್ಜನಿಗೆ ಈ ಕಾಗದ ಪೂರ್ತಿ ಓದಿ ಹೇಳು. ಆ ಎರಡು ಗುಂಡು ನಮ್ಮ ರಾಮಮ್ಮನವು ಎಂದು ಹೇಳು. ಅವರು ಒಪ್ಪಿದರೆ ಊರವರಿಗೂ ಹೇಳು.

ಆಸ್ಪತ್ರೆಯಲ್ಲಿ ಅವಳ ಎಡಗಾಲಿನ ಕಾಲುಂಗುರ ಕಳೆದುಹೋಯಿತು. ಮಂಚದಡಿಯೆಲ್ಲ ತಡಕಿದೆ, ಸಿಗಲಿಲ್ಲ. ಒಂದೇ ಕಾಲುಂಗುರದಲ್ಲಿ ಕಳಿಸಿಬಿಟ್ಟೆ.

ಕೊನೆಗೊಂದು ಬೇಡಿಕೆ. ಸಾವಿನ ಸುದ್ದಿ ಬರೆಯುವುದನ್ನು ನಿಮಗೆ ಕಲಿಸಿದವನು ನಾನು. ಅವಳದ್ದನ್ನು ಬರೆಯಲು ನನ್ನಿಂದ ಆಗುತ್ತಿಲ್ಲ. ನೀನು ಬರೆದುಕೊಡು.

ಪುಟ್ಟರಾಜು


ಚೇರಂಬಾಣೆ
೩-೧-೧೯೫೭

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಅಜ್ಜ ಉಂಡರು.

ಮೊದಲು ಈ ಮಾತು ಬರೆದು ಆಮೇಲೆ ಉಳಿದದ್ದು ಬರೆಯೋಣ ಎಂದುಕೊಂಡಿದ್ದೆ. ಒಂದು ತಪ್ಪೊಪ್ಪಿಗೆಯೂ ಇದೆ. ನಿಮ್ಮ ಕಾಗದ ಓದುವಾಗ ನನಗೆ ಅನುಮಾನ ಬಂದಿತ್ತು. ಅಜ್ಜನಿಗೆ ಊಟ ಮಾಡಿಸಲೆಂದು ಮೇಷ್ಟರು ಕಟ್ಟಿದ ಕತೆಯಿರಬಹುದೇ, ಸುಣ್ಣದ ವಿಷಯ ನಾನೇ ಬರೆದುಕೊಟ್ಟಿದ್ದೆನಲ್ಲ, ಎಂದು. ಜಗಲಿಯಲ್ಲಿ ಕೂತು ಓದುತ್ತಿದ್ದೆ. "ಒಬ್ಬರೂ ಎದ್ದು ಬರಲಿಲ್ಲ" ಎನ್ನುವಲ್ಲಿಗೆ ಬಂದಾಗ ಅಜ್ಜ ಕೈಯೆತ್ತಿ ತಡೆದರು. "ಒಂದ್ ಕಾಲ್‌ಗೆ ಮಾತ್ರ ಉಂಗುರ ಇತ್ತ್ ಅವಳ್ಗೆ. ಎಡದ್ದ್ ಇಲ್ಲೆ," ಎಂದರು. ಆ ಸಾಲು ನಾನಿನ್ನೂ ಓದಿರಲಿಲ್ಲ. ಹಾಳೆ ತಿರುಗಿಸಿ ನೋಡಿದೆ. ಎಡಗಾಲಿನ ಕಾಲುಂಗುರದ ಮಾತು ಅಲ್ಲಿತ್ತು. ನಿಮ್ಮನ್ನು ಅನುಮಾನಿಸಿದ್ದಕ್ಕೆ ಕ್ಷಮಿಸಿ.

ಅಜ್ಜ ಪೂವಯ್ಯ ಮಾವನನ್ನು ಕರೆಸಿದರು. ಮರುದಿನ ಬೆಳಿಗ್ಗೆ ಅಂದು ಬಂದವರೆಲ್ಲ ಮತ್ತೆ ಬಂದರು. ಈ ಸಲ ಯಾರೂ "ಯಾರ್?" ಎಂದು ಕೇಳಬೇಕಾಗಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ತಲೆಯ ಕಡೆ ದೀಪ ಇಟ್ಟೆವು. ಕಂಡರಿಯದ ಹೆಂಗಸಿಗಾಗಿ ಒಬ್ಬೊಬ್ಬರೂ ಬಗ್ಗಿ ಒಂದು ಚಿಟಿಕೆ ಅಕ್ಕಿ ಹಾಕಿದರು. ಪೂವಮ್ಮಜ್ಜಿ ಚಾಪೆಯ ಕಾಲಬದಿಯಲ್ಲಿ ಕೂತು, ತನ್ನ ಕಾಲುಂಗುರ ಒಂದನ್ನು ಬಿಚ್ಚಿ ಅಲ್ಲಿಟ್ಟರು. ನಾಲ್ಕು ಜನ ಚಾಪೆಯನ್ನು ಹೆಣ ಎತ್ತಿದ ಹಾಗೆ ಎತ್ತಿ ಹೊಳೆಗೆ ಒಯ್ದರು. ಅಜ್ಜನನ್ನು ಇಬ್ಬರು ಹಿಡಿದುಕೊಂಡಿದ್ದರು. ಎಲ್ಲ ಮುಗಿದು ಮಿಂದ ಮೇಲೆ, "ಹೊನ್ನಮ್ಮಾ, ಹೊಸಕ್ಕಿ ಗಂಜಿ ಉಟ್ಟಾ?" ಎಂದು ಅವರೇ ಕೇಳಿದರು. ಅವ್ವ ಒಲೆಯ ಮುಂದೆ ಕೂತು ಅತ್ತಳು.

ಸಂಜೆ ನಾನು ಮೆಟ್ಟಿಲ ಮೇಲೆ ಸುಣ್ಣ ಹಚ್ಚದ ಎಲೆ ಇಟ್ಟೆ. ಆಕೆ ಬರಲಿಲ್ಲ ಎಂದರು ಅಜ್ಜ. "ದಾರಿ ಗೊತ್ತಾತೋ ಏನೋ," ಎಂದು ಕಾದು ನೋಡಿ ಒಳಗೆ ಬಂದು ಮಲಗಿದರು.

ನೀವು ಕೇಳಿದ್ದನ್ನು ಬರೆದಿದ್ದೇನೆ.

"ಕುಶಾಲನಗರದ ಬಳಿಯ ಸಿದ್ದಮ್ಮನವರ ಮಗಳು, ಮೈಸೂರಿನ ಪುಟ್ಟರಾಜು ಅವರ ಪತ್ನಿ ರಾಮಮ್ಮನವರು ಕಳೆದ ಮೇ ತಿಂಗಳಿನಲ್ಲಿ ತೀರಿಕೊಂಡರು. ಡಿಸೆಂಬರ್ ಹದಿನೇಳರ ಬೆಳಿಗ್ಗೆ ಚೇರಂಬಾಣೆಯಲ್ಲಿ ಹಾರಿದ ಎರಡು ಗುಂಡು ಅವರವು."

ತಿದ್ದುವುದಿದ್ದರೆ ತಿದ್ದಿ. ಆದರೆ ಇದನ್ನು ಮೊದಲು ಓದಿ ಹೇಳಬೇಕಾದದ್ದು ಯಾರಿಗೆ ಎಂದು ನಿಮಗೆ ಗೊತ್ತಿದೆ. ಆ ಮನೆಗೆ ಇನ್ನು ಕಾಗದ ಬರೆಯಬೇಡಿ. ನೀವೇ ಹೋಗಿ.

ನೀಲಾವತಿ


ಕುಶಾಲನಗರದ ಹತ್ತಿರ, ಅತ್ತೆಯ ಮನೆ
೭-೧-೧೯೫೭

ಚಿ. ನೀಲಾವತಿಗೆ ಆಶೀರ್ವಾದಗಳು.

ನಿನ್ನ ಎರಡು ಸಾಲಿಗೆ ನಾನೊಂದು ಸಾಲು ಸೇರಿಸಿದ್ದೇನೆ. "ಅವರು ಎಲೆಗೆ ಸುಣ್ಣ ಹಚ್ಚುತ್ತಿರಲಿಲ್ಲ, ಬಾಯಿ ಸುಡುತ್ತದೆ ಎನ್ನುತ್ತಿದ್ದರು." ತರಗತಿಯಲ್ಲಿ ನೀವು ಹೀಗೆ ಬರೆದಿದ್ದರೆ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಿದ್ದೆ.

ಮಧ್ಯಾಹ್ನ ಬಂದೆ. ಅತ್ತೆ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, "ಬಾರಪ್ಪ. ರಾಮಿ ಎಲ್ಲಿ, ಹಿಂದೆ ಬತ್ತಾವ್ಳಾ?" ಎಂದರು. ಪಕ್ಕದಲ್ಲಿ ಕೂತು ನೀನು ಬರೆದದ್ದನ್ನು ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರೆಕಾಯಿಯ ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿದರು.

ಆಮೇಲೆ ಕೇಳಿದರು, "ಮೇ ತಿಂಗ್ಳಾ ಅಂದೆ?"

ಹೌದು ಎಂದೆ.

"ಮಳೆಗಾಲ ಹಿಡಿದಾಗ್ಲಿಂದ ದೀಪ ಹಚ್ಚೋ ಹೊತ್ಗೆ ಯಾವ್ಳೋ ಒಬ್ಳು ಬಾಗ್ಲಲ್ಲಿ ನಿಂತು ಅವ್ವಾ ಅವ್ವಾ ಅಂತಿದ್ಳು ಕಣಪ್ಪ. ನಂಗೆ ಕಣ್ಣು ಕಾಣಾಕಿಲ್ಲ. ದನಿ ನಮ್ಮ ರಾಮಿದೇ ಅನ್ನಂಗಿತ್ತು. ಆದ್ರೆ ನಿನ್ನ ಕಾಗ್ದ ಬಂದಿತ್ತಲ್ಲ. ನನ್ನ ಮಗ್ಳು ಮೈಸೂರಲ್ಲಿ ಸುಕವಾಗವ್ಳೆ, ನೀನ್ಯಾರೋ ಹೋಗವ್ವ ಅಂತ ದಿನಾ ನಾನೇ ಅಟ್ತಿದ್ದೆ."

ನಾನು ಅವರ ಕಾಲು ಹಿಡಿದುಕೊಂಡೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಆದರೆ ಮುಖ ಬೀದಿಯ ಕಡೆಗೇ ಇತ್ತು.

ಈಗ ಸಂಜೆಯಾಗುತ್ತಿದೆ. ಬಾಗಿಲು ಹಾಕಬೇಡ ಎಂದಿದ್ದಾರೆ, ಹಾಕಿಲ್ಲ. ಹೊಸ್ತಿಲ ಪಕ್ಕದಲ್ಲಿ ಮಣೆ ಇಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಿದ್ದೇವೆ. ಸುಣ್ಣದ ಡಬ್ಬಿಯನ್ನು ಅತ್ತೆ ತಾವೇ ತಡಕಿ ತೆಗೆದು ಒಳಗಿಟ್ಟರು.

ಪುಟ್ಟರಾಜು